ಕೆಚ್ಚಲು ಬಾವು: ಹಾಲಿನ ಟ್ಯೂಬಿನಿಂದ ರೋಗಾಣುವಿನ ಹೆಸರಿನವರೆಗೆ

ಎರಡು ಹಸುಗಳಿವೆ ಅಂದುಕೊಳ್ಳಿ. ಎರಡಕ್ಕೂ ಕೆಚ್ಚಲು ಊದಿದೆ, ಮುಟ್ಟಿದರೆ ಬಿಸಿ, ಹಾಲು ಒಡೆದು ಗಡ್ಡೆ ಗಡ್ಡೆಯಾಗಿ ಬರುತ್ತಿದೆ. ಒಂದರ ಕೆಚ್ಚಲಲ್ಲಿರುವುದು ಇ. ಕೋಲೈ, ಇನ್ನೊಂದರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್. ಮೊದಲನೆಯದನ್ನು ಹಸುವಿನ ಮೈಯೇ ಎಷ್ಟೋ ಸಲ ಕೆಲವೇ ದಿನಗಳಲ್ಲಿ ಹೊರಗಟ್ಟಿಬಿಡುತ್ತದೆ. ಎರಡನೆಯದು ಕೆಚ್ಚಲೊಳಗೆ ಸಣ್ಣ ಸಣ್ಣ ಬಾವು ಕಟ್ಟಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ, ಹಾಲು ಕರೆಯುವ ಕೈಯಿಂದ, ಬಟ್ಟೆಯಿಂದ, ಯಂತ್ರದಿಂದ ಪಕ್ಕದ ಹಸುವಿಗೂ ದಾಟುತ್ತದೆ. ಹೊರಗಿನಿಂದ ನೋಡಿ ಇವೆರಡನ್ನು ಖಚಿತವಾಗಿ ಬೇರೆ ಮಾಡುವುದು ಅನುಭವಿ ಪಶುವೈದ್ಯರಿಗೂ ಆಗದ ಕೆಲಸ. ರೋಗಾಣುವಿನ ಹೆಸರು ತಿಳಿಯದೆ ಕೊಟ್ಟ ಆಂಟಿಬಯಾಟಿಕ್ ಕತ್ತಲಲ್ಲಿ ಕಲ್ಲು ಬೀಸಿದ ಹಾಗೆ.

ಪಶುವೈದ್ಯಕೀಯ ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ವಿದ್ಯಾರ್ಥಿಗಳು, ಆಸ್ಪತ್ರೆಯ ಒಂದು ಮೂಲೆಯಲ್ಲಿ ಸಣ್ಣ ಕಲ್ಚರ್ ಲ್ಯಾಬ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಲ್ಯಾಬ್) ಶುರು ಮಾಡಬೇಕೆಂದಿರುವ ವೈದ್ಯರು ಇದನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡಬಹುದು. ಇನ್‌ಕ್ಯುಬೇಟರ್, ಮೈಕ್ರೋಸ್ಕೋಪ್, ಆಟೊಕ್ಲೇವ್, ಫ್ರಿಜ್, ಬರ್ನರ್, ಬ್ಯಾಕ್ಟೀರಿಯಾ ಬೆಳೆಸುವ ಐದಾರು ಬಗೆಯ ಮಾಧ್ಯಮ, ಹತ್ತು ಹನ್ನೆರಡು ರಾಸಾಯನಿಕ ಇಷ್ಟಿದ್ದರೆ ಕೆಚ್ಚಲು ಬಾವಿನ ಹೆಚ್ಚಿನ ರೋಗಾಣುಗಳನ್ನು ಎರಡು ಮೂರು ದಿನದಲ್ಲಿ ಗುರುತಿಸಬಹುದು.

ಮಾದರಿ: ಅರ್ಧ ಕೆಲಸ ಕೊಟ್ಟಿಗೆಯಲ್ಲೇ ಮುಗಿದಿರುತ್ತದೆ

ಲ್ಯಾಬಿನಲ್ಲಿ ನಾವು ಎಷ್ಟೇ ಎಚ್ಚರದಿಂದಿದ್ದರೂ ಕೊಳಕು ಮಾದರಿಯಿಂದ ಸರಿಯಾದ ಉತ್ತರ ಬರುವುದಿಲ್ಲ. ಒಮ್ಮೆ ಒಂದೇ ಕೊಟ್ಟಿಗೆಯಿಂದ ಹತ್ತು ಟ್ಯೂಬ್ ಬಂದಿದ್ದವು. ಹತ್ತರಲ್ಲೂ ನಾಲ್ಕೈದು ಬಗೆಯ ಕಾಲೊನಿ (ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಬೆಳೆದು ಮೂಡುವ ಚುಕ್ಕಿ), ಯಾವುದಕ್ಕೂ ಹೆಸರಿಡುವ ಹಾಗಿರಲಿಲ್ಲ. ಹೋಗಿ ನೋಡಿದರೆ ಒಂದೇ ಒದ್ದೆ ಬಟ್ಟೆಯಲ್ಲಿ ಎಲ್ಲ ಹಸುಗಳ ತೊಟ್ಟುಗಳನ್ನೂ ಒರೆಸಿ, ತೊಟ್ಟಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಟ್ಯೂಬ್ ಹಿಡಿಯುತ್ತಿದ್ದರು. ಕ್ರಮ ತಿದ್ದಿ ಮತ್ತೆ ತೆಗೆದ ಮಾದರಿಗಳಲ್ಲಿ ಮೂರರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಒಂದೇ, ಶುದ್ಧವಾಗಿ ಬೆಳೆದು ನಿಂತಿತು. ಮೊದಲ ಸಲವೂ ಅದು ಅಲ್ಲೇ ಇದ್ದಿರಬೇಕು. ಸಗಣಿಯ ಬ್ಯಾಕ್ಟೀರಿಯಾಗಳ ಗದ್ದಲದಲ್ಲಿ ನಮಗೆ ಕಾಣಲಿಲ್ಲ.

ಆದ್ದರಿಂದ ಮಾದರಿ ತೆಗೆಯುವ ಕ್ರಮವನ್ನು ಒಂದು ಹೆಜ್ಜೆಯೂ ಬಿಡದೆ ಪಾಲಿಸಿ.

1. ಟ್ಯೂಬಿನ ಮೇಲೆ ಹಸುವಿನ ಸಂಖ್ಯೆ, ಕೆಚ್ಚಲಿನ ಯಾವ ಕ್ವಾರ್ಟರ್, ಅಂದರೆ ಯಾವ ತೊಟ್ಟಿನ ಭಾಗ (ಮುಂದಿನ ಎಡ, ಹಿಂದಿನ ಬಲ ಹೀಗೆ), ದಿನಾಂಕ ಇವನ್ನು ಮೊದಲೇ ಬರೆಯಿರಿ. ಒದ್ದೆಯಾದ ಟ್ಯೂಬಿನ ಮೇಲೆ ಆಮೇಲೆ ಬರೆಯಲು ಆಗುವುದಿಲ್ಲ.

2. ಗ್ಲೌಸ್ ಹಾಕಿಕೊಳ್ಳಿ. ತೊಟ್ಟಿಗೆ ಮಣ್ಣು, ಸಗಣಿ ಮೆತ್ತಿದ್ದರೆ ತೊಟ್ಟನ್ನು ಮಾತ್ರ ತೊಳೆದು ಪೂರ್ತಿ ಒಣಗಿಸಿ. ಇಡೀ ಕೆಚ್ಚಲಿಗೆ ನೀರು ಹಾಕಬೇಡಿ, ಮೇಲಿನ ಕೊಳೆಯೆಲ್ಲ ಇಳಿದು ತೊಟ್ಟಿನ ತುದಿಗೆ ಬರುತ್ತದೆ.

3. ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ. ತೊಟ್ಟಿನ ನಾಳದಲ್ಲಿ ಕೂತ ಬ್ಯಾಕ್ಟೀರಿಯಾಗಳು ಅದರೊಂದಿಗೆ ಹೋಗುತ್ತವೆ. ಹಾಲಿನ ಬಣ್ಣ, ಗಡ್ಡೆ ನೋಡುವುದಕ್ಕೂ ಇದೇ ಸಮಯ.

4. ತೊಟ್ಟನ್ನು ರೋಗಾಣು ಕೊಲ್ಲುವ ಡಿಪ್ ದ್ರಾವಣದಲ್ಲಿ ಅದ್ದಿ 30 ಸೆಕೆಂಡು ಬಿಟ್ಟು, ಪ್ರತಿ ಹಸುವಿಗೂ ಬೇರೆ ಒಣ ಟವೆಲಿನಿಂದ ಒರೆಸಿ.

5. 70 ಶೇಕಡ ಆಲ್ಕೊಹಾಲ್‌ನಲ್ಲಿ ನೆನೆಸಿದ ಹತ್ತಿಯಿಂದ ತೊಟ್ಟಿನ ತುದಿಯನ್ನು ಉಜ್ಜಿ. ಹತ್ತಿ ಬೆಳ್ಳಗೆ ಉಳಿಯುವವರೆಗೂ ಹೊಸ ಹತ್ತಿ ತೆಗೆದುಕೊಳ್ಳುತ್ತಲೇ ಇರಿ. ನಾಲ್ಕೂ ತೊಟ್ಟುಗಳಿಂದ ತೆಗೆಯುವುದಾದರೆ ನಿಮ್ಮಿಂದ ದೂರದ ತೊಟ್ಟುಗಳನ್ನು ಮೊದಲು, ಹತ್ತಿರದವನ್ನು ಕೊನೆಗೆ ಒರೆಸಿ. ಹಾಲು ತೆಗೆಯುವಾಗ ಇದರ ತಿರುವು: ಹತ್ತಿರದ್ದು ಮೊದಲು, ದೂರದ್ದು ಕೊನೆಗೆ. ಹೀಗೆ ಮಾಡಿದರೆ ಒರೆಸಿದ ತೊಟ್ಟಿಗೆ ನಿಮ್ಮ ತೋಳು ತಗಲುವುದಿಲ್ಲ.

6. ಆಲ್ಕೊಹಾಲ್ ಆರಿದ ಮೇಲೆ ಟ್ಯೂಬನ್ನು ಓರೆಯಾಗಿ, ಹೆಚ್ಚುಕಡಿಮೆ ಅಡ್ಡವಾಗಿ ಹಿಡಿದು ಹಾಲನ್ನು ಪಕ್ಕದಿಂದ ಹಾರಿಸಿ. ಮುಚ್ಚಳದ ಒಳಭಾಗ ಕೆಳಮುಖವಾಗಿರಲಿ, ಅದಕ್ಕೆ ಬೆರಳು ತಾಗದಿರಲಿ. ಟ್ಯೂಬಿನ ಬಾಯಿ ತೊಟ್ಟಿಗೆ ಸೋಕಬಾರದು. 3ರಿಂದ 5 ಮಿ.ಲೀ. ಸಾಕು. ಟ್ಯೂಬ್ ತುಂಬಿಸುವ ಆಸೆಯಲ್ಲೇ ಕೊಳೆ ಒಳಗೆ ಬೀಳುತ್ತದೆ.

ಹೊರಗೆ ಲಕ್ಷಣವೇ ಇಲ್ಲದ ಹಸುವಿನಲ್ಲಿ ಯಾವ ಕ್ವಾರ್ಟರಿನ ಹಾಲು ಬೇಕೆಂದು ತಿಳಿಯಲು ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಮಾಡಿ. 1957ರಲ್ಲಿ ಬಂದ ಈ ಪರೀಕ್ಷೆ ಇಂದಿಗೂ ಕೊಟ್ಟಿಗೆಯ ಅತ್ಯುತ್ತಮ ಸಾಧನ. ಹಾಲು, ದ್ರಾವಣ ಸಮಪ್ರಮಾಣದಲ್ಲಿ ಬೆರೆಸಿ ಪ್ಯಾಡಲ್ ತಿರುಗಿಸಿದಾಗ ಲೋಳೆ ಕಟ್ಟಿದರೆ ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚಿವೆ ಎಂದರ್ಥ. ದ್ರಾವಣದಲ್ಲಿರುವ ಡಿಟರ್ಜೆಂಟ್ ಆ ಕಣಗಳನ್ನು ಒಡೆದು ಡಿಎನ್‌ಎ ಹೊರಬರಿಸುವುದರಿಂದ ಲೋಳೆ ಬರುತ್ತದೆ. ಲ್ಯಾಬಿನ ಎಣಿಕೆಯಲ್ಲಿ ಮಿ.ಲೀ.ಗೆ 2 ಲಕ್ಷಕ್ಕಿಂತ ಹೆಚ್ಚು ಸೊಮ್ಯಾಟಿಕ್ ಕಣಗಳಿದ್ದರೆ (ಹಸುವಿನ ಮೈಯಿಂದ ಹಾಲಿಗೆ ಬಂದ, ಹೆಚ್ಚಾಗಿ ಬಿಳಿ ರಕ್ತಕಣಗಳು) ಸೋಂಕು ಇರಬಹುದೆಂದು ಹಿಡಿಯುವುದು ರೂಢಿ. ಯಾವ ರೋಗಾಣು ಎಂಬುದನ್ನು ಈ ಎರಡೂ ಹೇಳವು.

ಔಷಧ ಶುರುವಾಗುವ ಮುನ್ನವೇ ಮಾದರಿ ತೆಗೆಯಬೇಕು. ತೆಗೆದದ್ದನ್ನು ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿ, 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಕಲ್ಚರ್‌ಗೆ ಹಾಕಿ. ಅಷ್ಟರೊಳಗೆ ಆಗದಿದ್ದರೆ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ. ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ, ಇ. ಕೋಲೈ ಸಂಖ್ಯೆ ಮಾತ್ರ ಕುಗ್ಗುತ್ತದೆ. ಹಾಗಾಗಿ ಮಾದರಿ ಫ್ರೀಜ್ ಆಗಿತ್ತೇ ಎಂಬುದನ್ನು ನೋಂದಣಿ ಪುಸ್ತಕದಲ್ಲಿ ಬರೆದಿಡಿ, ಫಲಿತಾಂಶ ಓದುವಾಗ ಬೇಕಾಗುತ್ತದೆ.

ಪ್ಲೇಟ್ ಹಾಕುವುದು

ಒಂದು ಮಾತು ಮೊದಲೇ: ಹಸಿ ಹಾಲಿನಲ್ಲಿ ಬ್ರುಸೆಲ್ಲಾ, ಕ್ಷಯದ ರೋಗಾಣು ಇರಬಹುದು. ಗ್ಲೌಸ್, ಕೋಟು ಕಡ್ಡಾಯ. ಮುಚ್ಚಳ ತೆಗೆದು ಪ್ಲೇಟಿಗೆ ಮೂಗು ಹಿಡಿದು ಮೂಸುವ ಹಳೆಯ ಅಭ್ಯಾಸವನ್ನು ಪೂರ್ತಿ ಬಿಟ್ಟುಬಿಡಿ.

ಮುಖ್ಯ ಮಾಧ್ಯಮ 5 ಶೇಕಡ ಕುರಿ ರಕ್ತ ಸೇರಿಸಿದ ಬ್ಲಡ್ ಅಗರ್. ಅದಕ್ಕೆ 0.1 ಶೇಕಡ ಎಸ್ಕ್ಯುಲಿನ್ (ಕೆಲವು ಬ್ಯಾಕ್ಟೀರಿಯಾ ಮಾತ್ರ ಒಡೆಯಬಲ್ಲ ವಸ್ತು) ಸೇರಿಸಿಕೊಂಡರೆ ಮುಂದೆ ಸ್ಟ್ರೆಪ್ಟೊಕಾಕಸ್‌ಗಳನ್ನು ಬೇರೆ ಮಾಡುವಾಗ ಒಂದು ದಿನ ಉಳಿಯುತ್ತದೆ. ಜೊತೆಗೆ ಮ್ಯಾಕ್‌ಕಾಂಕಿ ಅಗರ್ ಬೇಕು, ಅದರಲ್ಲಿ ಗ್ರಾಂ ನೆಗೆಟಿವ್ ಕಡ್ಡಿಗಳು (ಗ್ರಾಂ ಬಣ್ಣದಲ್ಲಿ ಕೆಂಪಾಗುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಮಾತ್ರ ಚೆನ್ನಾಗಿ ಬೆಳೆಯುತ್ತವೆ. ಸ್ಟ್ರೆಪ್ಟೊಕಾಕಸ್ ಹೆಚ್ಚಾಗಿ ಬರುವ ಲ್ಯಾಬ್‌ಗಳಲ್ಲಿ ಎಡ್ವರ್ಡ್ಸ್ ಮಾಧ್ಯಮವನ್ನೂ ಇಟ್ಟುಕೊಂಡಿರುತ್ತಾರೆ.

ಟ್ಯೂಬ್ ಕೋಣೆಯ ಶಾಖಕ್ಕೆ ಬರಲಿ. ಕೆನೆ ಮೇಲೆ ತೇಲಿರುತ್ತದೆ, ಬ್ಯಾಕ್ಟೀರಿಯಾಗಳು ಕೆನೆಯ ಜೊತೆಗೂ ತಳದಲ್ಲೂ ಗುಂಪುಗೂಡಿರುತ್ತವೆ, ಆದ್ದರಿಂದ ನೊರೆ ಬಾರದಂತೆ ಎಂಟು ಹತ್ತು ಸಲ ತಲೆಕೆಳಗು ಮಾಡಿ ಬೆರೆಸಿ. 10 ಮೈಕ್ರೊಲೀಟರ್‌ನ ಅಳತೆಯ ಲೂಪಿನಿಂದ ಹಾಲು ತೆಗೆದು ಪ್ಲೇಟಿನ ಒಂದು ಭಾಗದಲ್ಲಿ ಗೆರೆ ಎಳೆಯಿರಿ. ಒಂದು ಪ್ಲೇಟನ್ನು ನಾಲ್ಕು ಭಾಗ ಮಾಡಿ ಒಂದೇ ಹಸುವಿನ ನಾಲ್ಕು ಕ್ವಾರ್ಟರ್‌ಗಳನ್ನು ಹಾಕುವುದು ನನಗೆ ತುಂಬ ಇಷ್ಟದ ಕ್ರಮ. ಮೂರು ಭಾಗ ಖಾಲಿ, ನಾಲ್ಕನೆಯದರಲ್ಲಿ ಮಾತ್ರ ಒತ್ತೊತ್ತಾಗಿ ಒಂದೇ ಬಗೆಯ ಕಾಲೊನಿ ಕಂಡರೆ ಆ ಹಸುವಿನ ಕಥೆ ಪ್ಲೇಟಿನ ಮೇಲೆಯೇ ಬರೆದಂತಿರುತ್ತದೆ.

10 ಮೈಕ್ರೊಲೀಟರ್ ಲೆಕ್ಕ ನೆನಪಿರಲಿ: ಒಂದು ಕಾಲೊನಿ ಎಂದರೆ ಮಿ.ಲೀ.ಗೆ 100 ಬ್ಯಾಕ್ಟೀರಿಯಾ.

ಪ್ಲೇಟುಗಳನ್ನು ಬುಡಮೇಲಾಗಿಟ್ಟು 37 ಡಿಗ್ರಿಯಲ್ಲಿ ಬೆಳೆಸಿ. 24 ಗಂಟೆಯ ಬಳಿಕ ಒಮ್ಮೆ, 48 ಗಂಟೆಯ ಬಳಿಕ ಇನ್ನೊಮ್ಮೆ ನೋಡಿ. ಮೊದಲ ದಿನ ಏನೂ ಕಾಣಲಿಲ್ಲವೆಂದು ಪ್ಲೇಟ್ ಎಸೆದರೆ ನಿಧಾನವಾಗಿ ಬೆಳೆಯುವವು ಕೈತಪ್ಪುತ್ತವೆ.

24 ಗಂಟೆಯ ನಂತರ ಪ್ಲೇಟ್ ಓದುವುದು

ಪ್ಲೇಟನ್ನು ಬೆಳಕಿಗೆ ಎತ್ತಿ ಹಿಡಿದು ಹಿಂದಿನಿಂದ ಬೆಳಕು ಬರುವಂತೆ ನೋಡಿ. ರಕ್ತ ಕರಗಿದ ವಲಯ ಹಾಗೆ ನೋಡಿದಾಗಲೇ ಸರಿಯಾಗಿ ತಿಳಿಯುತ್ತದೆ. ಮೊದಲ ಪ್ರಶ್ನೆ: ಎಷ್ಟು ಬಗೆಯ ಕಾಲೊನಿ? ಒಂದೇ ಕ್ವಾರ್ಟರಿನ ಹಾಲಿನಲ್ಲಿ ಮೂರು ಅಥವಾ ಹೆಚ್ಚು ಬಗೆ ಕಂಡರೆ ಮಾದರಿ ಕೆಟ್ಟಿದೆ ಎಂದು ಬರೆದು ಮತ್ತೆ ತರಿಸಿ. ಅದರಲ್ಲಿ ಒಂದು ನಮಗೆ ಪರಿಚಿತ ರೋಗಾಣುವಿನಂತೆ ಕಂಡಾಗ ಅದನ್ನೇ ಆರಿಸಿ ವರದಿ ಮಾಡುವ ಆಸೆ ಹುಟ್ಟುತ್ತದೆ, ಅದಕ್ಕೆ ಮಣಿಯಬೇಡಿ. ಇದಕ್ಕೆ ಒಂದೇ ವಿನಾಯಿತಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಸ್ಟ್ರೆಪ್ಟೊಕಾಕಸ್ ಅಗಲಾಕ್ಷಿಯೆ: ಹಿಂಡಿಗೆ ಹರಡುವ ಇವೆರಡು ಕಂಡರೆ ಹೆಸರು ತಿಳಿಸಿ, ಆದರೂ ಮರುಮಾದರಿ ಕೇಳಿ.

ಎಷ್ಟು ಕಾಲೊನಿ ಇದ್ದರೆ ಸೋಂಕು ಎನ್ನಬೇಕು? ಈ ಎರಡು ಸಾಂಕ್ರಾಮಿಕ ರೋಗಾಣುಗಳಿಗೆ ಒಂದು ಕಾಲೊನಿಯೂ ಲೆಕ್ಕಕ್ಕೆ ಬರುತ್ತದೆ. ಸಗಣಿ, ಹಾಸು, ನೀರಿನಲ್ಲಿರುವಂಥವು ಒಂದೆರಡು ಕಂಡರೆ ಅನುಮಾನವಿರಲಿ, ಐದು ಅಥವಾ ಹೆಚ್ಚು ಶುದ್ಧವಾಗಿ ಬೆಳೆದಿದ್ದರೆ ನಂಬಬಹುದು. ಹಾಲು ಕಣ್ಣಿಗೇ ಒಡೆದು ಕಾಣುತ್ತಿದ್ದರೆ ಇನ್ನೂ ಕಡಿಮೆ ಸಂಖ್ಯೆಗೂ ಬೆಲೆ ಕೊಡಬೇಕಾಗುತ್ತದೆ.

ಈಗ ಕಾಲೊನಿಗಳ ಮುಖಪರಿಚಯ. 3ರಿಂದ 5 ಮಿ.ಮೀ. ಅಗಲ, ದುಂಡಗೆ, ಬೆಣ್ಣೆಯಂತೆ ನುಣುಪು, ಬಿಳಿಯಿಂದ ಹೊಂಬಣ್ಣ, ಸುತ್ತ ಎರಡು ಉಂಗುರ: ಒಳಗಿನದು ಗಾಜಿನಂತೆ ತಿಳಿ, ಹೊರಗಿನದು ಅಗಲವಾಗಿ ಮಬ್ಬು. ಇದು ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಸಹಿ. ಒಳಗಿನ ಉಂಗುರ ಆಲ್ಫಾ ವಿಷದ್ದು, ಹೊರಗಿನದು ಬೀಟಾ ವಿಷದ್ದು. ಪ್ಲೇಟನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ತೆಗೆದರೆ ಮಬ್ಬಾಗಿದ್ದ ಹೊರ ಉಂಗುರ ತಿಳಿಯಾಗಿರುತ್ತದೆ, ಬೀಟಾ ವಿಷದ ಗುಣವೇ ಅದು. ಎರಡು ಉಂಗುರ ಸ್ಪಷ್ಟವಿದ್ದರೆ ಅನುಭವಿ ಕಣ್ಣು ಅಲ್ಲೇ ಹೆಸರು ಹೇಳಬಲ್ಲದು. ಆದರೆ ಉಂಗುರವೇ ಇಲ್ಲದ ಆರಿಯಸ್ ತಳಿಗಳೂ ಇವೆ, ಆದ್ದರಿಂದ ಬರಿ ಕಣ್ಣಿನ ಮೇಲೆ ನಿಲ್ಲಬೇಡಿ.

ಅದಕ್ಕಿಂತ ಚಿಕ್ಕದು, ಬಿಳಿ, ಉಂಗುರವಿಲ್ಲದ್ದು ಇತರ ಸ್ಟ್ಯಾಫಿಲೊಕಾಕಸ್ ಇರಬಹುದು. ಸೂಜಿಮೊನೆಯಷ್ಟು, ಇಬ್ಬನಿ ಹನಿಯಂತೆ ಪಾರದರ್ಶಕವಾದದ್ದು ಸ್ಟ್ರೆಪ್ಟೊಕಾಕಸ್. ಬ್ಲಡ್ ಅಗರ್‌ನಲ್ಲಿ ದೊಡ್ಡದಾಗಿ ಬೂದು ಬಣ್ಣದಲ್ಲಿ, ಮ್ಯಾಕ್‌ಕಾಂಕಿಯಲ್ಲಿ ಗುಲಾಬಿಯಾಗಿ ಬಂದದ್ದು ಕೋಲಿಫಾರ್ಮ್, ಅಂದರೆ ಇ. ಕೋಲೈ ಮತ್ತು ಅದರ ಬಳಗ. ಅಗಲವಾಗಿ, ಒಣಗಿ, ಅಂಚು ಹರಿದಂತಿದ್ದರೆ ಬ್ಯಾಸಿಲಸ್, ಬಹುಪಾಲು ಸಲ ಅದು ಹೊರಗಿನ ಕೊಳೆ. ಅಲೆಯಲೆಯಾಗಿ ಇಡೀ ಪ್ಲೇಟ್ ಆವರಿಸಿದರೆ ಪ್ರೋಟಿಯಸ್, ಅದೂ ಹೆಚ್ಚಾಗಿ ಮಾದರಿ ತೆಗೆದವರ ಕೈಯ ತಪ್ಪು.

ಪರೀಕ್ಷೆಗೆ ಮುನ್ನ ಒಂದೇ ಒಂದು ಬಿಡಿ ಕಾಲೊನಿಯನ್ನು ಹೊಸ ಪ್ಲೇಟಿಗೆ ಹಾಕಿ ಶುದ್ಧ ಮಾಡಿಕೊಳ್ಳಿ. ಬೆರಕೆ ಕಲ್ಚರ್‌ನ ಮೇಲೆ ಮಾಡಿದ ಹತ್ತು ಪರೀಕ್ಷೆಗಳೂ ವ್ಯರ್ಥ.

ದಾರಿ ಕವಲೊಡೆಯುವ ಮೂರು ಪರೀಕ್ಷೆ

ಗ್ರಾಂ ಬಣ್ಣ ಮೊದಲು. ತೆಳುವಾಗಿ ಸವರಿ, ಒಣಗಿಸಿ, ಶಾಖ ಕೊಟ್ಟು ಕೂರಿಸಿ. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೊಡಿನ್ ಒಂದು ನಿಮಿಷ, ಆಲ್ಕೊಹಾಲ್ ಕೆಲವೇ ಸೆಕೆಂಡು, ಸ್ಯಾಫ್ರನಿನ್ ಅರ್ಧದಿಂದ ಒಂದು ನಿಮಿಷ. ನೇರಳೆಯಾಗಿ ಉಳಿದದ್ದು ಗ್ರಾಂ ಪಾಸಿಟಿವ್, ಕೆಂಪಾದದ್ದು ಗ್ರಾಂ ನೆಗೆಟಿವ್. ಹೊಸಬರು ತಪ್ಪುವುದು ಆಲ್ಕೊಹಾಲಿನಲ್ಲಿ: ಹೆಚ್ಚು ಹೊತ್ತು ಸುರಿದರೆ ಗ್ರಾಂ ಪಾಸಿಟಿವ್ ಕೂಡ ಕೆಂಪಾಗಿಬಿಡುತ್ತದೆ. ಹಳೆಯ ಕಲ್ಚರ್‌ನಲ್ಲೂ ಹೀಗಾಗುತ್ತದೆ, ಆದ್ದರಿಂದ 24 ಗಂಟೆಯೊಳಗಿನದನ್ನೇ ಬಳಸಿ.

ಬಣ್ಣದ ಮೇಲೆ ಅನುಮಾನ ಬಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆ ಮಾಡಿ. ಸ್ಲೈಡಿನ ಮೇಲೆ 3 ಶೇಕಡ ದ್ರಾವಣದ ಒಂದು ಹನಿ, ಅದರಲ್ಲಿ ಕಾಲೊನಿಯನ್ನು ಅರ್ಧ ನಿಮಿಷ ಕಲಸಿ ಲೂಪನ್ನು ಮೆಲ್ಲಗೆ ಮೇಲೆತ್ತಿ. ಜೇನಿನಂತೆ ಎಳೆ ಬಂದರೆ ಗ್ರಾಂ ನೆಗೆಟಿವ್, ನೀರಾಗಿಯೇ ಉಳಿದರೆ ಗ್ರಾಂ ಪಾಸಿಟಿವ್. ಕ್ಷಾರಕ್ಕೆ ಗ್ರಾಂ ನೆಗೆಟಿವ್‌ನ ತೆಳು ಗೋಡೆ ಒಡೆದು ಡಿಎನ್‌ಎ ಹೊರಬರುವುದೇ ಆ ಎಳೆ.

ಗ್ರಾಂ ಪಾಸಿಟಿವ್ ದುಂಡಾಣುವಿಗೆ ಕ್ಯಾಟಲೇಸ್, ಅಂದರೆ ಪೆರಾಕ್ಸೈಡ್ ಒಡೆಯುವ ಕಿಣ್ವದ ಪರೀಕ್ಷೆ. 3 ಶೇಕಡ ಹೈಡ್ರೊಜನ್ ಪೆರಾಕ್ಸೈಡ್‌ನ ಹನಿಯಲ್ಲಿ ಕಾಲೊನಿ ಇಟ್ಟ ಕೂಡಲೇ ಬುರುಬುರು ಗುಳ್ಳೆ ಬಂದರೆ ಸ್ಟ್ಯಾಫಿಲೊಕಾಕಸ್, ಬಾರದಿದ್ದರೆ ಸ್ಟ್ರೆಪ್ಟೊಕಾಕಸ್ ಗುಂಪು. ಕೆಂಪು ರಕ್ತಕಣಗಳಲ್ಲೂ ಕ್ಯಾಟಲೇಸ್ ಇದೆ ಎಂಬುದನ್ನು ಮರೆಯಬೇಡಿ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಕಾಲೊನಿಯ ಜೊತೆ ಚೂರು ಅಗರ್ ಕೂಡ ಕೆತ್ತಿಕೊಂಡು ಬಂದು, ಗುಳ್ಳೆ ನೋಡಿ, ಸ್ಟ್ರೆಪ್ಟೊಕಾಕಸ್ ಒಂದನ್ನು ಸ್ಟ್ಯಾಫಿಲೊಕಾಕಸ್ ಎಂದು ಬರೆದಿದ್ದೆ. ಗ್ರಾಂ ಸ್ಲೈಡಿನಲ್ಲಿ ಸರಪಳಿ ಕಾಣುತ್ತಿತ್ತು, ಕ್ಯಾಟಲೇಸ್ ಮಾತ್ರ ಪಾಸಿಟಿವ್. ಎರಡು ಪರೀಕ್ಷೆ ಒಂದಕ್ಕೊಂದು ಹೊಂದದಿದ್ದರೆ ಮುಂದಕ್ಕೆ ಹೋಗದೆ ಎರಡನ್ನೂ ಮತ್ತೆ ಮಾಡಬೇಕು ಎಂಬುದು ಅಂದಿನಿಂದ ನಾನು ಬಿಡದೆ ಪಾಲಿಸುವ ನಿಯಮ. ಕಾಲೊನಿಯ ನೆತ್ತಿಯಿಂದ ಮಾತ್ರ ತೆಗೆಯಿರಿ, ಇಲ್ಲವೇ ರಕ್ತವಿಲ್ಲದ ಅಗರ್‌ನಲ್ಲಿ ಬೆಳೆದದ್ದನ್ನು ಬಳಸಿ.

ಸ್ಟ್ಯಾಫಿಲೊಕಾಕಸ್ ಕವಲು: ಕೋಆಗ್ಯುಲೇಸ್

ಇಲ್ಲಿ ಉತ್ತರಿಸಬೇಕಾದದ್ದು ಒಂದೇ: ಇದು ಆರಿಯಸ್ಸೋ ಅಲ್ಲವೋ? ಕೋಆಗ್ಯುಲೇಸ್ ಎಂದರೆ ಪ್ಲಾಸ್ಮಾ ಹೆಪ್ಪುಗಟ್ಟಿಸುವ ಕಿಣ್ವ. ಅರ್ಧ ಮಿ.ಲೀ. ಮೊಲದ ಪ್ಲಾಸ್ಮಾದಲ್ಲಿ ಕಲ್ಚರ್ ಬೆರೆಸಿ 37 ಡಿಗ್ರಿಯಲ್ಲಿಡಿ. ಟ್ಯೂಬನ್ನು ಮೆಲ್ಲಗೆ ಓರೆ ಮಾಡಿ ನೋಡುತ್ತಿರಿ, ಅಲುಗಾಡಿಸಬೇಡಿ. ನಾಲ್ಕು ಗಂಟೆಯೊಳಗೆ ಮೊಸರಿನಂತೆ ಹೆಪ್ಪುಗಟ್ಟಿದರೆ ಪಾಸಿಟಿವ್. ಕಟ್ಟದಿದ್ದರೆ 24 ಗಂಟೆಗೆ ಮತ್ತೊಮ್ಮೆ ನೋಡಿ. ನಾಲ್ಕು ಗಂಟೆಯ ಓದನ್ನು ತಪ್ಪಿಸಿ ನೇರವಾಗಿ ಮರುದಿನ ನೋಡುವವರು ಮೋಸ ಹೋಗುತ್ತಾರೆ. ಕೆಲವು ತಳಿಗಳು ತಾವೇ ಕಟ್ಟಿದ ಹೆಪ್ಪನ್ನು ರಾತ್ರಿಯೊಳಗೆ ಕರಗಿಸಿಬಿಡುತ್ತವೆ. ಸಿಟ್ರೇಟ್ ಹಾಕಿದ ಪ್ಲಾಸ್ಮಾ ಬೇಡ, ಇಡಿಟಿಎ ಹಾಕಿದ್ದನ್ನು ಬಳಸಿ. ಸಿಟ್ರೇಟ್ ತಿನ್ನುವ ಬ್ಯಾಕ್ಟೀರಿಯಾ ಬೆರೆತಿದ್ದರೆ ಸುಳ್ಳು ಹೆಪ್ಪು ಕಟ್ಟುತ್ತದೆ.

ಪಾಸಿಟಿವ್ ಬಂದು ಉಂಗುರವೂ ಇದ್ದರೆ ಆರಿಯಸ್. ಸ್ಟ್ಯಾಫಿಲೊಕಾಕಸ್ ಹೈಕಸ್‌ನಂಥವೂ ಕೋಆಗ್ಯುಲೇಸ್ ಪಾಸಿಟಿವ್ ಇರಬಹುದು, ಆದರೆ ಅದಕ್ಕೆ ರಕ್ತ ಕರಗಿಸುವ ಉಂಗುರವಿರುವುದಿಲ್ಲ. ನೆಗೆಟಿವ್ ಬಂದವು ಕ್ರೋಮೊಜೀನ್ಸ್, ಸಿಮ್ಯುಲನ್ಸ್, ಎಪಿಡರ್ಮಿಡಿಸ್, ಹೀಮೊಲಿಟಿಕಸ್ ಮುಂತಾದ ದೊಡ್ಡ ಬಳಗ. ಇವು ಸಾಮಾನ್ಯವಾಗಿ ಸೌಮ್ಯ, ಒಂದೊಂದನ್ನೂ ಜಾತಿಯ ಮಟ್ಟಕ್ಕೆ ಬಿಡಿಸುವ ಅಗತ್ಯ ದಿನನಿತ್ಯದ ಕೆಲಸದಲ್ಲಿ ಬೀಳುವುದು ಕಡಿಮೆ.

ಸ್ಟ್ರೆಪ್ಟೊಕಾಕಸ್ ಕವಲು: ಬಾಣದ ತುದಿ

ಲ್ಯಾಬಿನ ಪರೀಕ್ಷೆಗಳಲ್ಲೇ ನೋಡಲು ಅತಿ ಸುಂದರವಾದದ್ದು ಕ್ಯಾಂಪ್ ಪರೀಕ್ಷೆ. ಕ್ರಿಸ್ಟಿ, ಆಟ್ಕಿನ್ಸ್, ಮಂಕ್-ಪೀಟರ್ಸನ್ ಎಂಬ ಮೂವರು 1944ರಲ್ಲಿ ಪ್ರಕಟಿಸಿದ್ದು, ಅವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಕುರಿ ರಕ್ತದ ಅಗರ್‌ನ ನಡುವೆ ಬೀಟಾ ವಿಷ ಉಂಟುಮಾಡುವ ಆರಿಯಸ್ ತಳಿಯ ಒಂದು ನೇರ ಗೆರೆ ಎಳೆಯಿರಿ. ಅದಕ್ಕೆ ಲಂಬವಾಗಿ, ಆದರೆ 2–3 ಮಿ.ಮೀ. ದೂರದಲ್ಲೇ ನಿಲ್ಲುವಂತೆ, ಅನುಮಾನದ ಸ್ಟ್ರೆಪ್ಟೊಕಾಕಸ್‌ನ ಗೆರೆ. ಮುಟ್ಟಿಸಿದರೆ ಪರೀಕ್ಷೆ ಕೆಟ್ಟಿತು. ಮರುದಿನ ಎರಡು ಗೆರೆ ಹತ್ತಿರವಾಗುವ ಕಡೆ ಮಬ್ಬು ಕೆಂಪಿನ ನಡುವೆ ತಿಳಿಯಾದ ಬಾಣದ ತುದಿ ಮೂಡಿದ್ದರೆ ಅದು ಪಾಸಿಟಿವ್. ಬೀಟಾ ವಿಷದಿಂದ ಅರ್ಧ ಸೊರಗಿದ ರಕ್ತಕಣಗಳನ್ನು ಸ್ಟ್ರೆಪ್ಟೊಕಾಕಸ್‌ನ ಕ್ಯಾಂಪ್ ಅಂಶ ಪೂರ್ತಿ ಒಡೆದ ಗುರುತು ಅದು. ಒಂದೇ ಪ್ಲೇಟಿನಲ್ಲಿ ಆರೇಳು ತಳಿ ಹಾಕಬಹುದು, ಗೊತ್ತಿರುವ ಪಾಸಿಟಿವ್ ಒಂದು, ನೆಗೆಟಿವ್ ಒಂದು ಸದಾ ಜೊತೆಗಿರಲಿ.

ಎಸ್ಕ್ಯುಲಿನ್ ಓದಲು ಕತ್ತಲೆ ಕೋಣೆಯಲ್ಲಿ ವುಡ್ಸ್ ದೀಪದ (ನೇರಳಾತೀತ ಬೆಳಕಿನ ದೀಪ) ಕೆಳಗೆ ಪ್ಲೇಟ್ ಹಿಡಿಯಿರಿ. ಎಸ್ಕ್ಯುಲಿನ್ ಇರುವ ಕಡೆ ಅಗರ್ ನೀಲಿಯಾಗಿ ಹೊಳೆಯುತ್ತದೆ, ಅದನ್ನು ಒಡೆದ ಕಾಲೊನಿಯ ಸುತ್ತ ಕಪ್ಪಾಗಿರುತ್ತದೆ. ಮೂರನೆಯದು ಸೋಡಿಯಂ ಹಿಪ್ಪುರೇಟ್, ಬ್ಯಾಕ್ಟೀರಿಯಾ ಅದನ್ನು ಒಡೆದರೆ ಪಾಸಿಟಿವ್. ಈ ಮೂರನ್ನು ಕೂಡಿಸಿ ಓದಬೇಕು.

ಕ್ಯಾಂಪ್ ಪಾಸಿಟಿವ್, ಹಿಪ್ಪುರೇಟ್ ಪಾಸಿಟಿವ್, ಎಸ್ಕ್ಯುಲಿನ್ ನೆಗೆಟಿವ್ ಬಂದರೆ ಸ್ಟ್ರೆಪ್ಟೊಕಾಕಸ್ ಅಗಲಾಕ್ಷಿಯೆ. ಲ್ಯಾನ್ಸ್‌ಫೀಲ್ಡ್ ಗುಂಪು ಬಿ (ಕೋಶದ ಗೋಡೆಯ ಅಂಶ ನೋಡಿ ಮಾಡಿದ ವರ್ಗ) ಎಂದು ಲೇಟೆಕ್ಸ್ ಕಿಟ್‌ನಿಂದ ದೃಢಪಡಿಸಿಕೊಳ್ಳಬಹುದು. ಹೆಸರಿನಲ್ಲೇ ‘ಹಾಲಿಲ್ಲದಿರುವಿಕೆ’ ಎಂಬ ಅರ್ಥ ಅಡಗಿದೆ. ಮುಖ್ಯವಾಗಿ ಕೆಚ್ಚಲಲ್ಲೇ ಬದುಕುವ, ಕರೆಯುವಾಗ ಹರಡುವ ಈ ರೋಗಾಣು ಒಂದು ಹಸುವಿನಲ್ಲಿ ಸಿಕ್ಕಿದರೆ ಇಡೀ ಹಿಂಡನ್ನು ಪರೀಕ್ಷಿಸಿ ಎಂದು ಸಲಹೆ ಕೊಡಿ. ಸಾಮಾನ್ಯವಾಗಿ ಪೆನಿಸಿಲಿನ್‌ಗೆ ಬಗ್ಗುವುದರಿಂದ ಹಿಂಡಿನಿಂದ ಓಡಿಸಲು ಸಾಧ್ಯವಿರುವ ರೋಗಾಣು ಇದು.

ಮೂರೂ ನೆಗೆಟಿವ್, ಸುತ್ತ ಹಸಿರು ಛಾಯೆ, ಗುಂಪು ಸಿ ಬಂದರೆ ಡಿಸ್‌ಗಲಾಕ್ಷಿಯೆ. ಎಸ್ಕ್ಯುಲಿನ್ ಪಾಸಿಟಿವ್, ಹಿಪ್ಪುರೇಟ್ ಪಾಸಿಟಿವ್ ಬಂದರೆ ಸ್ಟ್ರೆಪ್ಟೊಕಾಕಸ್ ಊಬೆರಿಸ್, ಹಾಸಿನಿಂದ ಬರುವಂಥದ್ದು. ಇದರ ಕೆಲವು ತಳಿಗಳಲ್ಲಿ ಕ್ಯಾಂಪ್ ಕೂಡ ಪಾಸಿಟಿವ್ ಬರುತ್ತದೆ, ಎಸ್ಕ್ಯುಲಿನ್ ನೋಡದೆ ಬಾಣದ ತುದಿಯೊಂದನ್ನೇ ನಂಬಿದರೆ ಊಬೆರಿಸ್ ಅಗಲಾಕ್ಷಿಯೆಯಾಗಿ ಹೋಗುತ್ತದೆ. ಆಮೇಲೆ ರೈತರು ಇಡೀ ಹಿಂಡಿಗೆ ಬೇಡದ ಚಿಕಿತ್ಸೆ ಕೊಡಿಸಿಬಿಡುತ್ತಾರೆ.

ಎಸ್ಕ್ಯುಲಿನ್ ಪಾಸಿಟಿವ್ ಬಂದವುಗಳಲ್ಲಿ ಎಂಟರೊಕಾಕಸ್ ಕೂಡ ಇದೆ. 6.5 ಶೇಕಡ ಉಪ್ಪಿರುವ ಸಾರಿನಲ್ಲಿ, 45 ಡಿಗ್ರಿ ಶಾಖದಲ್ಲಿ ಬೆಳೆದರೆ, ಬೈಲ್ ಎಸ್ಕ್ಯುಲಿನ್ ಅಗರ್ ಕಪ್ಪಾದರೆ ಅದು ಎಂಟರೊಕಾಕಸ್. ಲ್ಯಾಕ್ಟೊಕಾಕಸ್ ಮಾತ್ರ ಈ ಪರೀಕ್ಷೆಗಳಲ್ಲಿ ಊಬೆರಿಸ್‌ನ ವೇಷ ಹಾಕಿಕೊಂಡು ಬರುತ್ತದೆ, ಮಾಲ್ಡಿ-ಟಾಫ್ (ಮುಂದೆ ಹೇಳುವ ಯಂತ್ರ) ಅಥವಾ ಜೀನ್ ಪರೀಕ್ಷೆ ಇಲ್ಲದೆ ಅದನ್ನು ಬೇರೆ ಮಾಡುವುದು ಕಷ್ಟ. ಅಂಥ ಕಡೆ ‘ಸ್ಟ್ರೆಪ್ಟೊಕಾಕಸ್ ತರಹದ್ದು, ಎಸ್ಕ್ಯುಲಿನ್ ಪಾಸಿಟಿವ್’ ಎಂದು ಬರೆಯುವುದೇ ಪ್ರಾಮಾಣಿಕ ವರದಿ.

ಗ್ರಾಂ ನೆಗೆಟಿವ್ ಕಡ್ಡಿಗಳು

ಮೊದಲು ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆ. ಬ್ಲಡ್ ಅಗರ್‌ನಿಂದ, ಮರದ ಕಡ್ಡಿ ಅಥವಾ ಪ್ಲಾಸ್ಟಿಕ್ ಲೂಪಿನಿಂದ ತೆಗೆದು ಆಕ್ಸಿಡೇಸ್ ಪರೀಕ್ಷೆಯ ದ್ರಾವಣ ಹಾಕಿದ ಕಾಗದದ ಮೇಲೆ ಸವರಿ. 10 ಸೆಕೆಂಡಿನಲ್ಲಿ ಗಾಢ ನೇರಳೆ ಬಂದರೆ ಪಾಸಿಟಿವ್. ನೈಕ್ರೋಮ್ ತಂತಿ ಸುಳ್ಳು ಪಾಸಿಟಿವ್ ಕೊಡುತ್ತದೆ, ಮ್ಯಾಕ್‌ಕಾಂಕಿಯಿಂದ ತೆಗೆದ ಕಾಲೊನಿಯನ್ನೂ ನಂಬಲಾಗದು. ಪಾಸಿಟಿವ್ ಬಂದು, ಅಗರ್‌ಗೆ ಹಸಿರು ಬಣ್ಣ ಹರಡಿದ್ದರೆ ಸ್ಯೂಡೊಮೊನಾಸ್ ಏರುಜಿನೋಸ. ಕೊಟ್ಟಿಗೆಯ ನೀರು, ತೊಟ್ಟು ತೊಳೆಯುವ ಪೈಪು ಇವನ್ನು ಪರೀಕ್ಷಿಸಿ ಎಂದು ಹೇಳಬೇಕಾದ ರೋಗಾಣು.

ಆಕ್ಸಿಡೇಸ್ ನೆಗೆಟಿವ್, ಮ್ಯಾಕ್‌ಕಾಂಕಿಯಲ್ಲಿ ಗುಲಾಬಿ ಬಂದರೆ ಇ. ಕೋಲೈಯೋ ಕ್ಲೆಬ್ಸಿಯೆಲ್ಲಾವೋ ಎಂಬ ಪ್ರಶ್ನೆ. ಇ. ಕೋಲೈ ಕಾಲೊನಿ ಚಪ್ಪಟೆ, ಒಣ, ಸುತ್ತ ಗುಲಾಬಿ ಮಬ್ಬು. ಕ್ಲೆಬ್ಸಿಯೆಲ್ಲಾ ಉಬ್ಬಿ ಲೋಳೆಯಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತದೆ, ಲೂಪ್ ಎತ್ತಿದರೆ ನೂಲಿನಂತೆ ಬರುತ್ತದೆ. ಇಂಡೋಲ್, ಮೀಥೈಲ್ ರೆಡ್, ವಿಪಿ (ವೋಜಸ್-ಪ್ರಾಸ್ಕವರ್), ಸಿಟ್ರೇಟ್ ಈ ನಾಲ್ಕು ರಾಸಾಯನಿಕ ಪರೀಕ್ಷೆಗಳಲ್ಲಿ ಇ. ಕೋಲೈಗೆ ಮೊದಲೆರಡು ಪಾಸಿಟಿವ್, ಕೊನೆಯೆರಡು ನೆಗೆಟಿವ್. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಗೆ ಇದು ಸರಿಯಾಗಿ ತಿರುಗುಮುರುಗು. ಎಂಟರೊಬ್ಯಾಕ್ಟರ್ ಕೂಡ ಕ್ಲೆಬ್ಸಿಯೆಲ್ಲಾದಂತೆಯೇ ಓದುತ್ತದೆ, ಚಲನೆಯ ಅಗರ್‌ನಲ್ಲಿ ಚುಚ್ಚಿ ನೋಡಿ: ಕ್ಲೆಬ್ಸಿಯೆಲ್ಲಾ ಚುಚ್ಚಿದ ಗೆರೆಯಲ್ಲೇ ನಿಲ್ಲುತ್ತದೆ, ಎಂಟರೊಬ್ಯಾಕ್ಟರ್ ಸುತ್ತಲೂ ಹರಡುತ್ತದೆ. ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕ್ಲೆಬ್ಸಿಯೆಲ್ಲಾ ಬಾವು ಇ. ಕೋಲೈಗಿಂತ ಹಟಮಾರಿ, ಮರದ ಹೊಟ್ಟಿನ ಹಾಸು ಅದರ ಪ್ರಿಯ ನೆಲೆ.

48 ಗಂಟೆಗೆ ಕಾಣುವವು, ಪ್ಲೇಟಿನಲ್ಲಿ ಕಾಣದವು

ಎರಡನೆಯ ದಿನ ಚುಕ್ಕಿಯಷ್ಟು ಕಾಲೊನಿ, ಅದಕ್ಕಿಂತ ಅಗಲವಾಗಿ ತಿಳಿಯಾದ ಉಂಗುರ, ಗ್ರಾಂ ಪಾಸಿಟಿವ್ ಗಿಡ್ಡ ಕಡ್ಡಿ, ಕ್ಯಾಟಲೇಸ್ ನೆಗೆಟಿವ್ ಇದ್ದರೆ ಟ್ರೂಪೆರೆಲ್ಲಾ ಪಯೊಜೀನ್ಸ್. ನಾರುವ ಗಟ್ಟಿ ಕೀವಿನ ಜೊತೆ ಬರುವ ಇದು ಬಂದ ಕ್ವಾರ್ಟರ್ ಉಳಿಯುವುದು ಅಪರೂಪ. ಹಾಲಿನ ಕೊಬ್ಬು ಹರಡಿದ ಮೊದಲ ಗೆರೆಯ ಮೇಲಷ್ಟೇ ಬಿಳಿ, ಒಣ, ಸಣ್ಣ ಕಾಲೊನಿಗಳು ಬಂದು ಕ್ಯಾಟಲೇಸ್ ಪಾಸಿಟಿವ್ ಇದ್ದರೆ ಕೊರಿನೆಬ್ಯಾಕ್ಟೀರಿಯಂ ಬೋವಿಸ್. ಇದಕ್ಕೆ ಕೊಬ್ಬು ಬೇಕು, ಅದಕ್ಕೇ ಅಲ್ಲಿ ಮಾತ್ರ ಬೆಳೆಯುತ್ತದೆ. ಇದು ಹಿಂಡಿನಲ್ಲಿ ಪದೇ ಪದೇ ಕಂಡರೆ ಕರೆದ ನಂತರ ತೊಟ್ಟು ಅದ್ದುವ ಕೆಲಸ ಸರಿಯಾಗಿ ನಡೆಯುತ್ತಿಲ್ಲ ಎಂದು ತಿಳಿಯಬೇಕು.

ಸ್ಟ್ಯಾಫಿಲೊಕಾಕಸ್‌ನಂತೆ ಕಾಣುವ ಬೂದು-ಬಿಳಿ ಕಾಲೊನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಣಗಳು ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಂಡರೆ ನಿಲ್ಲಿ. ಮೊಗ್ಗೊಡೆದಂತಿದ್ದರೆ ಯೀಸ್ಟ್. ಒಂದು ಚೀಲದೊಳಗೆ ನಾಲ್ಕಾರು ಮರಿಕಣಗಳು ಒತ್ತಿಕೊಂಡಿದ್ದರೆ ಪ್ರೊಟೊಥೀಕಾ, ಹಸಿರು ಕಳೆದುಕೊಂಡ ಒಂದು ಪಾಚಿ. ಎರಡಕ್ಕೂ ಆಂಟಿಬಯಾಟಿಕ್ ನಾಟುವುದಿಲ್ಲ. ಆ ಹಸುವಿಗೆ ಕೊಡುತ್ತಿರುವ ಔಷಧವನ್ನು ನಿಲ್ಲಿಸಲು ವೈದ್ಯರಿಗೆ ಅಂದೇ ಫೋನ್ ಮಾಡಿ ತಿಳಿಸಿ.

ಮೈಕೊಪ್ಲಾಸ್ಮಾ ಬೋವಿಸ್‌ಗೆ ಕೋಶದ ಗೋಡೆಯೇ ಇಲ್ಲ. ಸಾಮಾನ್ಯ ಬ್ಲಡ್ ಅಗರ್‌ನಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ, ಗ್ರಾಂ ಬಣ್ಣವೂ ಹಿಡಿಯುವುದಿಲ್ಲ. ಒಂದಕ್ಕಿಂತ ಹೆಚ್ಚು ಕ್ವಾರ್ಟರಿಗೆ ಬಾವು, ಯಾವ ಔಷಧಕ್ಕೂ ಜಗ್ಗದು, ಹಿಂಡಿನಲ್ಲಿ ಕೀಲು ಊತ, ಕರುಗಳಿಗೆ ನ್ಯುಮೋನಿಯಾ, ಪ್ಲೇಟ್ ಮಾತ್ರ ಖಾಲಿ: ಹೀಗಿದ್ದರೆ ವಿಶೇಷ ಮಾಧ್ಯಮದಲ್ಲಿ, 5–10 ಶೇಕಡ ಕಾರ್ಬನ್ ಡೈಆಕ್ಸೈಡ್‌ನಲ್ಲಿ 7ರಿಂದ 10 ದಿನ ಬೆಳೆಸಿ, ಸ್ಟೀರಿಯೊ ಮೈಕ್ರೋಸ್ಕೋಪಿನಲ್ಲಿ ಕರಿದ ಮೊಟ್ಟೆಯಂಥ ಕಾಲೊನಿ ಹುಡುಕಿ. ನಿರುಪದ್ರವಿ ಅಕೊಲಿಪ್ಲಾಸ್ಮಾ ಕೂಡ ಹಾಗೆಯೇ ಕಾಣುತ್ತದೆ. ಡಿಜಿಟೊನಿನ್ ಡಿಸ್ಕ್ ಸುತ್ತ ಬೆಳೆಯದೆ ಖಾಲಿ ಬಿಟ್ಟದ್ದು ಮೈಕೊಪ್ಲಾಸ್ಮಾ. ಈ ಸೌಲಭ್ಯ ಇಲ್ಲದವರು ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್‌ಗೆ ಕಳಿಸಿ.

ಏನೂ ಬೆಳೆಯದಿದ್ದರೆ

ಇದು ಲ್ಯಾಬಿನ ಸೋಲೆಂದು ಮುಜುಗರಪಡುವವರನ್ನು ನೋಡಿದ್ದೇನೆ, ಹಾಗೆ ಅಂದುಕೊಳ್ಳಬೇಡಿ. ಬಾವು ಕಣ್ಣಿಗೆ ಕಾಣುತ್ತಿರುವ ಹಸುಗಳ ಮಾದರಿಯಲ್ಲೂ ಗಣನೀಯ ಪಾಲು ಖಾಲಿ ಬರುವುದು ಎಲ್ಲ ಲ್ಯಾಬ್‌ಗಳ ಅನುಭವ. ಇ. ಕೋಲೈಯನ್ನು ಹಸು ಆಗಲೇ ಕೊಂದು ಮುಗಿಸಿದ್ದು, ಊತ ಮಾತ್ರ ಉಳಿದಿರಬಹುದು. ಆರಿಯಸ್ ಹಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ಮಾತ್ರ ಹೊರಬರುತ್ತಿರಬಹುದು, ಬಿಳಿ ರಕ್ತಕಣದೊಳಗೆ ಅಡಗಿರಬಹುದು. ಯಾರೋ ಆಗಲೇ ಔಷಧ ಕೊಟ್ಟು ಹೇಳದೆ ಇರಬಹುದು.

ದೀರ್ಘಕಾಲದ ಬಾವಿನ ಹಸುವಾದರೆ 10ರ ಬದಲು 100 ಮೈಕ್ರೊಲೀಟರ್ ಹಾಕಿ ನೋಡಿ. ಮಾದರಿಯನ್ನು ಫ್ರೀಜ್ ಮಾಡಿ ಕರಗಿಸಿ ಹಾಕಿದರೆ ಕಣದೊಳಗಿನ ಆರಿಯಸ್ ಎಷ್ಟೋ ಸಲ ಹೊರಬರುತ್ತದೆ. ಕೆಲವು ದಿನ ಬಿಟ್ಟು ಎರಡು ಮೂರು ಸಲ ಮಾದರಿ ತೆಗೆಯುವುದು ಇನ್ನೂ ಒಳ್ಳೆಯದು.

ಔಷಧ ಸೂಕ್ಷ್ಮತೆ, ಹೊಸ ಯಂತ್ರಗಳು

ರೋಗಾಣು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಔಷಧದ ಬಿಲ್ಲೆ ಇಟ್ಟು ನೋಡುವ ಡಿಸ್ಕ್ ಪರೀಕ್ಷೆಗೆ 4 ಮಿ.ಮೀ. ದಪ್ಪದ ಮುಲ್ಲರ್-ಹಿಂಟನ್ ಅಗರ್, 0.5 ಮ್ಯಾಕ್‌ಫರ್ಲ್ಯಾಂಡ್ (ದ್ರಾವಣದ ಮಬ್ಬಿನ ಅಳತೆ) ಮಬ್ಬಿಗೆ ಹೊಂದಿಸಿದ ಶುದ್ಧ ಕಲ್ಚರ್, 35 ಡಿಗ್ರಿ, 16–18 ಗಂಟೆ. ಸ್ಟ್ರೆಪ್ಟೊಕಾಕಸ್‌ಗೆ 5 ಶೇಕಡ ಕುರಿ ರಕ್ತ ಸೇರಿಸಿ, ಕಾರ್ಬನ್ ಡೈಆಕ್ಸೈಡ್‌ನಲ್ಲಿಟ್ಟು ಸ್ವಲ್ಪ ಹೆಚ್ಚು ಹೊತ್ತು ಬಿಡಿ. ಹಾಲನ್ನೇ ನೇರವಾಗಿ ಪ್ಲೇಟಿಗೆ ಸವರಿ ಡಿಸ್ಕ್ ಇಡುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಎಷ್ಟು ಬ್ಯಾಕ್ಟೀರಿಯಾ ಹಾಕಿದ್ದೇವೆಂದೇ ತಿಳಿಯದಿದ್ದಾಗ ವಲಯದ ಅಳತೆಗೆ ಅರ್ಥವಿಲ್ಲ. ಆರಿಯಸ್‌ನಲ್ಲಿ ಪೆನಿಸಿಲಿನ್ ಒಡೆಯುವ ಕಿಣ್ವ ಇದೆಯೇ ಎಂದು ನೈಟ್ರೊಸೆಫಿನ್‌ನಿಂದ ನೋಡಿ, ಹಳದಿ ಕೆಂಪಾದರೆ ಇದೆ. 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ ಡಿಸ್ಕ್ ಸುತ್ತ ವಲಯ 21 ಮಿ.ಮೀ. ಅಥವಾ ಕಡಿಮೆ ಇದ್ದರೆ ಮೆಥಿಸಿಲಿನ್‌ಗೆ ಬಗ್ಗದ ತಳಿ ಎಂದು ಎಚ್ಚರಿಸಿ, ಅದು ಮನುಷ್ಯರಿಗೂ ದಾಟಬಲ್ಲದು. ಪ್ರತಿ ವಾರ, ಗುಣ ಮೊದಲೇ ಗೊತ್ತಿರುವ ಎಟಿಸಿಸಿ 25923 ಆರಿಯಸ್, ಎಟಿಸಿಸಿ 25922 ಇ. ಕೋಲೈ ತಳಿಗಳಿಂದ ಡಿಸ್ಕ್‌ಗಳನ್ನು ಪರೀಕ್ಷಿಸಿಕೊಳ್ಳಿ.

ಮಾಲ್ಡಿ-ಟಾಫ್ ಯಂತ್ರ ಒಂದು ಕಾಲೊನಿಯ ಪ್ರೋಟೀನುಗಳ ತೂಕದ ನಕ್ಷೆ ನೋಡಿ ನಿಮಿಷಗಳಲ್ಲಿ ಜಾತಿಯ ಹೆಸರು ಹೇಳುತ್ತದೆ. ಪಿಸಿಆರ್ ನೇರವಾಗಿ ಹಾಲಿನಿಂದಲೇ ಡಿಎನ್‌ಎ ಹುಡುಕುತ್ತದೆ, ಆದರೆ ಸತ್ತ ಬ್ಯಾಕ್ಟೀರಿಯಾ, ತೊಟ್ಟಿನ ಚರ್ಮದ ಬ್ಯಾಕ್ಟೀರಿಯಾ ಎಲ್ಲವನ್ನೂ ಎಣಿಸಿಬಿಡುತ್ತದೆ. ಮಾದರಿ ಕೊಳಕಾಗಿದ್ದರೆ ಈ ಯಂತ್ರಗಳು ಆ ಕೊಳೆಗೂ ಅಚ್ಚುಕಟ್ಟಾಗಿ ಹೆಸರು ಕೊಡುತ್ತವೆ.

ವರದಿ ಬರೆಯುವಾಗ

ಹಸು, ಕ್ವಾರ್ಟರ್, ಎಷ್ಟು ಕಾಲೊನಿ, ಶುದ್ಧವೋ ಬೆರಕೆಯೋ, ಯಾವ ಪರೀಕ್ಷೆಗಳ ಮೇಲೆ ಹೆಸರು ನಿಂತಿದೆ, ಮಾದರಿ ಫ್ರೀಜ್ ಆಗಿತ್ತೇ ಇವಿಷ್ಟನ್ನು ಬರೆಯಿರಿ. ಹೆಸರು ಕುಲದ ಮಟ್ಟಕ್ಕೇ ನಿಂತಿದ್ದರೆ ಅಲ್ಲೇ ನಿಲ್ಲಿಸಿ. ಹೆಸರಿನ ಕೆಳಗೆ ಒಂದು ಸಾಲು: ಹಸುವಿನಿಂದ ಹಸುವಿಗೆ ಹರಡುವಂಥದ್ದೋ, ಕೊಟ್ಟಿಗೆಯ ಪರಿಸರದಿಂದ ಬಂದದ್ದೋ. ಮೊದಲನೆಯದಾದರೆ ಆ ಹಸುವನ್ನು ಕೊನೆಗೆ ಕರೆಯಬೇಕು, ಎರಡನೆಯದಾದರೆ ಹಾಸು ಒಣಗಿಸಬೇಕು. ವರದಿ ಕೈಗೆ ಬಂದ ದಿನವೇ ರೈತರು ಮಾಡಬಹುದಾದ ಕೆಲಸ ಅದು.

ವೈದ್ಯರು ತಿರುಗಿ ಕೇಳಬಹುದಾದ್ದರಿಂದ ಶುದ್ಧ ಕಲ್ಚರ್ ಒಂದನ್ನು ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಿ. ಉಳಿದ ಪ್ಲೇಟು, ಟ್ಯೂಬು, ಉಳಿದ ಹಾಲು ಎಲ್ಲವೂ 121 ಡಿಗ್ರಿಯಲ್ಲಿ ಕನಿಷ್ಠ ಅರ್ಧ ಗಂಟೆ ಆಟೊಕ್ಲೇವ್ ಆದ ಮೇಲೆಯೇ ಲ್ಯಾಬಿನಿಂದ ಹೊರಗೆ ಹೋಗಲಿ.